ಪಿಂಗು, ಫೈಬರು, ಗುಡುಗು: ಮಲೆನಾಡಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಯೂಟ್ಯೂಬಿನಲ್ಲಿ ಬರುವ ರಿವ್ಯೂಗಳೆಲ್ಲ ಕರೆಂಟ್ ಹೋಗದ ಊರಲ್ಲಿ, ಎಸಿ ರೂಮಿನಲ್ಲಿ ಕೂತು ಮಾಡಿದವು. ಅದನ್ನು ನೋಡಿಕೊಂಡು ಹೊಸನಗರದ ತೋಟದ ಮನೆಯಲ್ಲಿ, ತೀರ್ಥಹಳ್ಳಿಯ ಹಂಚಿನ ಮನೆಯಲ್ಲಿ, ಶಿವಮೊಗ್ಗದ ವಿನೋಬನಗರದ ಬಾಡಿಗೆ ರೂಮಿನಲ್ಲಿ ಹುಡುಗರು ಜಗಳ ಆಡುತ್ತಾರೆ: ಆ ಕಂಪನಿ ನೆಟ್ ಒಳ್ಳೇದಾ ಈ ಕಂಪನಿದಾ, ಪಿಎಸ್5 ಒಳ್ಳೇದಾ ಪಿಸಿನಾ ಅಂತ. ನನ್ನ ಪಕ್ಷ ಯಾವುದು ಅಂತ ಮೊದಲೇ ಹೇಳಿಬಿಡುತ್ತೇನೆ. ಗ್ರಾಫಿಕ್ಸ್ ಕಾರ್ಡಿಗಿಂತ ಮೊದಲು ಅರ್ಥಿಂಗ್ ನೋಡಿ, ಕಂಪನಿ ಹೆಸರಿಗಿಂತ ಮೊದಲು ನಿಮ್ಮ ಮನೆಗೆ ಬಂದಿರುವ ಕೊನೆಯ ಅರ್ಧ ಕಿಲೋಮೀಟರ್ ಕೇಬಲ್ ನೋಡಿ ಅನ್ನುವವನು ನಾನು.

ಅಣ್ಣ, ಈಗ 40 ಎಂಬಿಪಿಎಸ್ ಪ್ಲ್ಯಾನ್ ಇದೆ. 300ಕ್ಕೆ ಹಾಕಿಸಿದ್ರೆ ಗೇಮ್ ತಡವರಿಸುವ ಈ ಲ್ಯಾಗ್ ಹೋಗ್ತದಾ?

ಹೋಗೋದಿಲ್ಲ. ಆನ್‌ಲೈನ್ ಗೇಮ್ ಆಡುವಾಗ ಓಡಾಡುವ ಡೇಟಾ ತೀರಾ ಕಮ್ಮಿ. ನೀವು ಎಲ್ಲಿ ನಿಂತಿದ್ದೀರಿ, ಎತ್ತ ಗುಂಡು ಹೊಡೆದಿರಿ ಅನ್ನುವಷ್ಟು ಸುದ್ದಿ ಹೋಗಿ ಬಂದರೆ ಆಯ್ತು. ಪಕ್ಕದ ಕೋಣೆಯಲ್ಲಿ ಅಮ್ಮ ನೋಡುವ ಎಚ್‌ಡಿ ಧಾರಾವಾಹಿಗೆ ಅದರ ಹತ್ತಾರು ಪಟ್ಟು ಬೇಕು, ಅದಕ್ಕೂ 5 ಎಂಬಿಪಿಎಸ್ ಸಾಕು. 4ಕೆ ಆದರೆ 15.

ದೊಡ್ಡ ಪ್ಲ್ಯಾನಿನ ಉಪಯೋಗ ಡೌನ್‌ಲೋಡಿಗೆ. 100 ಜಿಬಿ ಗೇಮ್ ಇಳಿಯಲು 40 ಎಂಬಿಪಿಎಸ್‌ನಲ್ಲಿ ಐದೂವರೆ ತಾಸು ಬೇಕು, 300ರಲ್ಲಿ ಮುಕ್ಕಾಲು ತಾಸು. ರಾತ್ರಿ ಹಚ್ಚಿಟ್ಟು ಮಲಗುವವರಿಗೆ ಎರಡೂ ಒಂದೇ.

ಲ್ಯಾಗ್ ಬರುವುದು ಬೇರೆ ಕಡೆಯಿಂದ. ಮದುವೆ ಮುಗಿಸಿ ಬಂದ ಅಕ್ಕನ ಮೊಬೈಲು ವೈಫೈ ಸಿಕ್ಕಿದ ಕೂಡಲೇ ಮುನ್ನೂರು ಫೋಟೋ, ಹತ್ತು ವಿಡಿಯೋ ಮೇಲಕ್ಕೆ ಕಳಿಸಲು ಶುರುಮಾಡುತ್ತದೆ. ಅಪ್‌ಲೋಡ್ ದಾರಿ ಭರ್ತಿ. ನಿಮ್ಮ ಗೇಮಿನ ಪುಟ್ಟ ಪ್ಯಾಕೆಟ್ಟು ಆ ವಿಡಿಯೋಗಳ ಹಿಂದೆ ರೌಟರಿನೊಳಗೆ ಸಾಲಿನಲ್ಲಿ ನಿಲ್ಲುತ್ತದೆ, 30 ಇದ್ದ ಪಿಂಗ್ (ಪ್ಯಾಕೆಟ್ಟು ಹೋಗಿ ಉತ್ತರ ಬರಲು ಹಿಡಿಯುವ ಮಿಲಿಸೆಕೆಂಡ್) 300 ಆಗುತ್ತದೆ. ರೌಟರ್ ಸೆಟ್ಟಿಂಗಿನಲ್ಲಿ ಕ್ಯುಓಎಸ್ (ಯಾವುದಕ್ಕೆ ಎಷ್ಟು ವೇಗ ಅಂತ ಹಂಚುವ ಸೌಲಭ್ಯ) ಇದ್ದರೆ ಅಪ್‌ಲೋಡ್ ಮಿತಿಯನ್ನು ನಿಜವಾದ ವೇಗದ ಶೇ 85–90ಕ್ಕೆ ಇಳಿಸಿ ನೋಡಿ. ಪ್ಲ್ಯಾನ್ ಬದಲಿಸುವ ದುಡ್ಡು ಉಳಿಯುತ್ತದೆ.

ಶಿವಮೊಗ್ಗದಿಂದ ಪಿಂಗ್ ಎಷ್ಟು ಬಂದರೆ ಸರಿ? ಬೆಂಗಳೂರಿನ ಕಸಿನ್‌ಗೆ 20 ಬರ್ತದೆ, ನಂಗೆ 38.

ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದರೆ ಸಾವಿರ ಕಿಲೋಮೀಟರಿಗೆ 5 ಮಿಲಿಸೆಕೆಂಡ್. ವ್ಯಾಲೊರಂಟ್‌ನಂಥ ಆಟದ ಸರ್ವರ್ ಮುಂಬೈಯಲ್ಲಿದೆ. ನಕ್ಷೆ ನೋಡಿದರೆ ಮುಂಬೈಗೆ ಬೆಂಗಳೂರಿಗಿಂತ ಶಿವಮೊಗ್ಗವೇ ಹತ್ತಿರ. ಆದರೆ ನಿಮ್ಮ ಡೇಟಾ ಘಟ್ಟದ ಮೇಲಿಂದ ನೇರ ಮುಂಬೈಗೆ ಹೋಗುವುದು ಅಪರೂಪ. ಹೆಚ್ಚಿನ ಸಲ ಮೊದಲು ಬೆಂಗಳೂರಿಗೋ ಚೆನ್ನೈಗೋ ಇಳಿದು, ಅಲ್ಲಿಂದ ಮುಂಬೈ. ಬೆಂಗಳೂರಿನ ಮೇಲಿಂದ ಹೋಗಿ ಬಂದರೆ 13 ಮಿಲಿಸೆಕೆಂಡ್ ಬೆಳಕಿಗೇ ಬೇಕು. ಉಳಿದದ್ದು ನಡುವಿನ ಯಂತ್ರಗಳಿಗೆ. ಹಾಗಾಗಿ 30ರಿಂದ 45ರ ಒಳಗೆ ಬಂದರೆ ಗೊಣಗಬೇಡಿ.

ನೋಡಬೇಕಾದ್ದು ಸರಾಸರಿಯನ್ನಲ್ಲ, ಏರಿಳಿತವನ್ನು. ಸದಾ 45 ಇರುವ ಲೈನು 25ಕ್ಕೂ 140ಕ್ಕೂ ಕುಣಿಯುವ ಲೈನಿಗಿಂತ ಎಷ್ಟೋ ಮೇಲು. ಇನ್ನು ಕಸಿನ್‌ನ ಮಾತು: ಅವನಿಗೂ ನಿಮಗೂ ಇರುವ ವ್ಯತ್ಯಾಸ 18 ಮಿಲಿಸೆಕೆಂಡ್, ಅಂದರೆ 60 ಹರ್ಟ್ಸ್ ಮಾನಿಟರಿನ ಒಂದೇ ಒಂದು ಫ್ರೇಮಿನಷ್ಟು. ಅವನು ಗೆಲ್ಲುವುದು ಪಿಂಗ್‌ನಿಂದಲ್ಲ.

ಸ್ಪೀಡ್ ಟೆಸ್ಟಲ್ಲಿ 100 ತೋರಿಸ್ತದೆ, ಸ್ಟೀಮಲ್ಲಿ 12 ಮಾತ್ರ. ಮೋಸ ಅಲ್ವಾ?

ಅಲ್ಲ. ಸ್ಪೀಡ್ ಟೆಸ್ಟಿನದ್ದು ಬಿಟ್ ಲೆಕ್ಕ, ಗೇಮ್ ಇಳಿಸುವ ಸ್ಟೀಮಿನದ್ದು ಬೈಟ್ ಲೆಕ್ಕ; ಎಂಟು ಬಿಟ್‌ಗೆ ಒಂದು ಬೈಟ್. 100ನ್ನು 8ರಿಂದ ಭಾಗಿಸಿ.

ಮೊಬೈಲಲ್ಲಿ ಟವರ್ ಫುಲ್ ಇದೆ, ಆದ್ರೆ ಎಂತದೂ ಓಪನ್ ಆಗಲ್ಲ. ಎಂತಕ್ಕೆ?

ಕಡ್ಡಿಗಳು ತೋರಿಸುವುದು ನಿಮ್ಮ ಮೊಬೈಲಿಗೂ ಟವರಿಗೂ ನಡುವಿನ ಸಂಬಂಧ ಮಾತ್ರ. ಟವರಿನಿಂದ ಆಚೆ ನೆಟ್ ಹೇಗೆ ಹೋಗುತ್ತದೆ ಅಂತ ಅವು ಹೇಳುವುದಿಲ್ಲ. ಪೇಟೆಯ ಟವರಿಗೆ ಫೈಬರ್ ಇರುತ್ತದೆ. ಘಟ್ಟದ ಕಡೆಯ ಎಷ್ಟೋ ಟವರುಗಳಲ್ಲಿ ಡೋಲಿನಂತೆ ಕಾಣುವ ಬಿಳಿ ಡಿಶ್ಶು ಕಟ್ಟಿರುವುದನ್ನು ನೋಡಿರಬಹುದು. ಅದು ಮೈಕ್ರೋವೇವ್, ಒಂದು ಗುಡ್ಡದ ಟವರಿನಿಂದ ಇನ್ನೊಂದು ಗುಡ್ಡದ ಟವರಿಗೆ ಗಾಳಿಯಲ್ಲೇ ಡೇಟಾ ದಾಟಿಸುತ್ತದೆ. ಎಲ್ಲರೂ ಒಟ್ಟಿಗೆ ರೀಲ್ಸ್ ನೋಡುವ ರಾತ್ರಿ ಒಂಬತ್ತಕ್ಕೆ ಅದು ತುಂಬಿಹೋಗುತ್ತದೆ, ಜಡಿಮಳೆ ಹಿಡಿದರೆ ಮೇಲಿನ ಫ್ರೀಕ್ವೆನ್ಸಿಯ ಲಿಂಕುಗಳು ಸೊರಗುತ್ತವೆ. ಕರೆಂಟ್ ಹೋಗಿ ಬ್ಯಾಟರಿ ಮುಗಿದು, ಡೀಸೆಲ್ ಹಾಕುವವರು ಬಾರದಿದ್ದರೆ ಕಡ್ಡಿಯೂ ಹೋಗುತ್ತದೆ.

ಮೊಬೈಲ್ ಕೊಳ್ಳುವಾಗ ಕ್ಯಾಮೆರಾ ಮೆಗಾಪಿಕ್ಸೆಲ್ ಲೆಕ್ಕ ಹಾಕುವವರು ಬ್ಯಾಂಡ್ ಪಟ್ಟಿ (ಮೊಬೈಲು ಯಾವ ಯಾವ ಫ್ರೀಕ್ವೆನ್ಸಿ ಹಿಡಿಯುತ್ತದೆ ಅನ್ನುವುದು) ನೋಡುವುದೇ ಇಲ್ಲ. ಗುಡ್ಡ, ಕಾಡು ದಾಟಿ ಬರುವುದು ಕೆಳಗಿನ ಫ್ರೀಕ್ವೆನ್ಸಿ: ಬಿಎಸ್‌ಎನ್‌ಎಲ್ 4ಜಿಗೆ 700 ಮೆಗಾಹರ್ಟ್ಸ್‌ನ ಬ್ಯಾಂಡ್ 28, ಜಿಯೋಗೆ 850ರ ಬ್ಯಾಂಡ್ 5, ಏರ್‌ಟೆಲ್‌ಗೆ 900ರ ಬ್ಯಾಂಡ್ 8. ದುಬೈಯಿಂದಲೋ ಅಮೆರಿಕದಿಂದಲೋ ಮಾವ ತಂದುಕೊಟ್ಟ ಮೊಬೈಲಾದರೆ ಇದನ್ನು ಖಂಡಿತ ನೋಡಿ.

ಮನೆಗೆ ಫೈಬರ್ ಇದ್ದು ಟವರ್ ಇಲ್ಲದವರು ವೈಫೈ ಕಾಲಿಂಗ್ ಆನ್ ಮಾಡಿಕೊಳ್ಳಿ, ಸೆಟ್ಟಿಂಗಿನಲ್ಲಿ ಒಂದು ಗುಂಡಿ ಅಷ್ಟೇ. ಒಟಿಪಿಗಾಗಿ ಗುಡ್ಡ ಹತ್ತುವುದು ತಪ್ಪುತ್ತದೆ.

ಏರ್‌ಫೈಬರ್ ಹಾಕಿಸಲಾ, ವೈರಿನ ಫೈಬರ್‌ಗೆ ಕಾಯಲಾ?

ವೈರು ಬರುವುದಾದರೆ ಕಾಯಿರಿ. ಗೇಮ್ ಆಡುವವರಿಗಂತೂ ಇದರಲ್ಲಿ ಎರಡು ಮಾತಿಲ್ಲ.

ಏರ್‌ಫೈಬರ್ ಅಂದರೆ ಮನೆ ಮೇಲೆ ಒಂದು 5ಜಿ ಆಂಟೆನಾ. ಟವರಿನ ತೊಂದರೆಗಳೆಲ್ಲ ಅದಕ್ಕೂ ಇವೆ. ಶಿವಮೊಗ್ಗ, ಭದ್ರಾವತಿ ಪೇಟೆಯೊಳಗೆ ಚೆನ್ನಾಗಿಯೇ ನಡೆಯಬಹುದು. ತೋಟದ ಮನೆಗಳಲ್ಲಿ ಸಮಸ್ಯೆ ಮಳೆ ಹನಿಯದ್ದಲ್ಲ, ಒದ್ದೆ ಎಲೆಯದ್ದು. 3.5 ಗಿಗಾಹರ್ಟ್ಸ್ ಅಲೆಗೆ ಮಳೆ ಲೆಕ್ಕಕ್ಕಿಲ್ಲ; ನೀರು ಕುಡಿದು ತೂಗುವ ಸೊಪ್ಪಿನ ಬೆಟ್ಟ, ಅಡಿಕೆ ತೋಟ ಅಡ್ಡ ಇದ್ದರೆ ಸಿಗ್ನಲ್ ನೆಲ ಕಚ್ಚುತ್ತದೆ. ಹಾಗಾಗಿ ಮಾರ್ಚಿಯಲ್ಲಿ ಟೆಸ್ಟ್ ಮಾಡಿ ಒಳ್ಳೇದಿದೆ ಅಂದವರ ಮಾತನ್ನು ಜುಲೈಗೆ ನಂಬಬೇಡಿ. 'ಅನ್‌ಲಿಮಿಟೆಡ್' ಮಿತಿಯೂ ಬೇರೆ: ಖಾಸಗಿ ಕಂಪನಿಗಳ ವೈರಿನ ಪ್ಲ್ಯಾನುಗಳಲ್ಲಿ ತಿಂಗಳಿಗೆ 3.3 ಟಿಬಿ ಆದರೆ ಏರ್‌ಫೈಬರಿನಲ್ಲಿ ಸಾಮಾನ್ಯವಾಗಿ 1 ಟಿಬಿ.

ಫೈಬರ್ ಹಾಕಿಸಿದ ಮೇಲೂ ಮಳೆಗಾಲದಲ್ಲಿ ದಿನಾ ಕಟ್. ಲೈನ್‌ಮ್ಯಾನ್ 'ಮೇಲಿಂದ ಪ್ರಾಬ್ಲಮ್' ಅಂತಾನೆ. ನಿಜವಾ?

ಕೆಲವು ಸಲ ನಿಜ. ಆದರೆ ಮೇಲಿಂದಲೋ ನಿಮ್ಮ ಬೇಲಿ ಹತ್ತಿರದಿಂದಲೋ ಅಂತ ನೀವೇ ನೋಡಬಹುದು, ಅದಕ್ಕೆ ಯಾರನ್ನೂ ಕೇಳಬೇಕಿಲ್ಲ.

ಫೈಬರ್ ಬಂದು ಸೇರುವ, ಗೋಡೆಗೆ ಹೊಡೆದ ಆ ಬಿಳಿ ಡಬ್ಬಿಯ ಹೆಸರು ಓಎನ್‌ಟಿ. ಅದರ ಕೆಳಗೆ ಅಂಟಿಸಿದ ಚೀಟಿಯಲ್ಲಿ 192.168.1.1ರಂಥ ವಿಳಾಸ, ಯೂಸರ್‌ನೇಮ್, ಪಾಸ್‌ವರ್ಡ್ ಇರುತ್ತದೆ. ಬ್ರೌಸರಿನಲ್ಲಿ ಒಳಗೆ ಹೋಗಿ, ಆಪ್ಟಿಕಲ್ ಅಥವಾ ಪಾನ್ ಅಂತ ಇರುವ ಪುಟದಲ್ಲಿ 'ಆರ್‌ಎಕ್ಸ್ ಪವರ್' ನೋಡಿ. ಡಬ್ಬಿಗೆ ಎಷ್ಟು ಬೆಳಕು ಬರುತ್ತಿದೆ ಅಂತ ಹೇಳುವ ಮೈನಸ್ ಅಂಕಿ ಅಲ್ಲಿರುತ್ತದೆ, ಡಿಬಿಎಂ ಲೆಕ್ಕದಲ್ಲಿ. ಮೈನಸ್ 18ರಿಂದ 24ರ ಒಳಗಿದ್ದರೆ ಆರಾಮ. ಮೈನಸ್ 27 ಮುಟ್ಟಿದರೆ ಡಬ್ಬಿಗೆ ಬೆಳಕು ಕಾಣುವುದೇ ಕಷ್ಟ. ಅದರ ಆಚೆ ಹೋದರೆ ಎಲ್‌ಓಎಸ್ (LOS) ಅಂತ ಬರೆದ ಕಡೆ ಕೆಂಪು ದೀಪ. ಪ್ರತಿ 3 ಡಿಬಿಗೆ ಬೆಳಕು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ನೆನಪಿರಲಿ. ಒಂದು ಫೈಬರನ್ನು 32 ಮನೆಗೆ ಹಂಚುವ ಸ್ಪ್ಲಿಟರೇ ಸುಮಾರು 17 ಡಿಬಿ ತಿಂದು ಹಾಕುತ್ತದೆ. ಉಳಿದ ಉಳಿತಾಯದಲ್ಲಿ ಸಂಸಾರ ನಡೆಯಬೇಕು.

ಶುದ್ಧವಾಗಿ ಬೆಸೆದ ಜಾಯಿಂಟಿಗೆ 0.1 ಡಿಬಿ ಹೋದರೆ ಹೆಚ್ಚು. ಆದರೆ ಗಾಳಿಗೆ ಸಿಲ್ವರ್ ಓಕ್ ಮರದ ಕೊಂಬೆ ಬಿದ್ದು ಕಡಿದ ಕೇಬಲನ್ನು ಮರದ ಬುಡದಲ್ಲೇ ಕೈಯಿಂದ ಕನೆಕ್ಟರ್ ಹಾಕಿ, ಮೇಲೆ ಇನ್ಸುಲೇಷನ್ ಟೇಪು ಸುತ್ತಿ ಹೋದರೆ? ಒಣಗಿದ್ದಾಗ ನಡೆಯುತ್ತದೆ, ನೀರು ಇಳಿದ ಮೇಲೆ ದಿನಕ್ಕೊಂದಿಷ್ಟು ಇಳಿಯುತ್ತಾ ಹೋಗುತ್ತದೆ. ಕೇಬಲ್ ಮೇಲೆ ಮಂಗಗಳ ಸವಾರಿ ಬೇರೆ. ಅಡಿಕೆ ಕೊಯ್ಲಿನ ದೋಟಿ ಸಿಕ್ಕಿ ಎಳೆದ ಕೇಬಲ್ ಹೊರಗೆ ಸರಿ ಕಂಡರೂ ಒಳಗಿನ ಗಾಜು ಬಗ್ಗಿರುತ್ತದೆ.

ಹೊಸ ಕನೆಕ್ಷನ್ ಬಂದ ದಿನ ಆ ಅಂಕಿಯ ಸ್ಕ್ರೀನ್‌ಶಾಟ್ ತೆಗೆದಿಡಿ. ಕಟ್ ಆದಾಗ 'ನೆಟ್ ಬರ್ತಿಲ್ಲ' ಅನ್ನುವ ಬದಲು 'ಮೈನಸ್ 20 ಇದ್ದದ್ದು 27 ಆಗಿದೆ' ಅನ್ನಿ. ಫೋನಿನ ಆಚೆಯ ದನಿಯೇ ಬದಲಾಗುತ್ತದೆ.

ಕೊನೆಗೂ ಯಾವ ಕಂಪನಿ ಒಳ್ಳೇದು ಹೇಳಿ ಮಾರಾಯ್ರೆ.

ನಿಮ್ಮ ಊರಿನ ಲೈನ್‌ಮ್ಯಾನ್ ಫೋನ್ ಎತ್ತುವ ಕಂಪನಿ.

ತಮಾಷೆಯಲ್ಲ. ಹಳ್ಳಿ ಕಡೆ ಫೈಬರಿನ ಕೊನೆಯ ತುಂಡನ್ನು ಎಷ್ಟೋ ಕಡೆ ಸ್ಥಳೀಯ ಫ್ರಾಂಚೈಸಿಯವರೇ ಎಳೆಯುತ್ತಾರೆ, ಅವರೇ ರಿಪೇರಿ ಮಾಡುತ್ತಾರೆ. ಒಂದೇ ಕಂಪನಿ ರಿಪ್ಪನ್‌ಪೇಟೆಯಲ್ಲಿ ಹೊಗಳಿಸಿಕೊಂಡು ಹತ್ತು ಮೈಲಿ ಆಚೆ ಬೈಸಿಕೊಳ್ಳುವುದು ಇದಕ್ಕೇ. ಅಕ್ಕಪಕ್ಕದ ಮೂರು ಮನೆಯಲ್ಲಿ ಕೇಳಿ: ಕಳೆದ ಆಷಾಢದಲ್ಲಿ ಕಟ್ ಆದಾಗ ಎಷ್ಟು ದಿನಕ್ಕೆ ಬಂದರು? ಬೇರೆ ಯಾವ ಪ್ರಶ್ನೆಯೂ ಬೇಡ.

ಸ್ಟಾರ್‌ಲಿಂಕ್ ಬಂದ್ರೆ ನಮ್ಮ ಕಷ್ಟ ಎಲ್ಲ ಮುಗೀತಲ್ವಾ?

ಹಳೆಯ ಕಾಲದ ಸ್ಯಾಟಲೈಟ್ ನೆಟ್‌ಗೂ ಇದಕ್ಕೂ ವ್ಯತ್ಯಾಸ ಇರುವುದು ಎತ್ತರದಲ್ಲಿ. ಭೂಸ್ಥಿರ ಉಪಗ್ರಹ ಸುಮಾರು 36,000 ಕಿಲೋಮೀಟರ್ ಮೇಲಿದೆ. ಪ್ರಶ್ನೆ ಹೋಗಿ ಉತ್ತರ ಬರಲು ಆ ದೂರವನ್ನು ನಾಲ್ಕು ಸಲ ದಾಟಬೇಕು, ಬರೀ ಪ್ರಯಾಣಕ್ಕೇ ಅರ್ಧ ಸೆಕೆಂಡು. ಅದರಲ್ಲಿ ಗೇಮ್ ಆಡಲಿಕ್ಕಾಗದು. ಸ್ಟಾರ್‌ಲಿಂಕ್ ಉಪಗ್ರಹಗಳು 550 ಕಿಲೋಮೀಟರ್ ಆಸುಪಾಸಿನಲ್ಲಿ ಸುತ್ತುವುದರಿಂದ ಪಿಂಗ್ ವೈರಿನ ಹತ್ತಿರ ಬರುತ್ತದೆ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಪರವಾನಗಿ ಅದಕ್ಕೆ ಸಿಕ್ಕಿದ್ದು 2025ರ ಜೂನ್‌ನಲ್ಲಿ.

ಆದರೆ ಆ ಡಿಶ್ಶಿಗೆ ಆಕಾಶ ಬೇಕು, ಅದೂ ಅಗಲವಾದ ಆಕಾಶ. ಉಪಗ್ರಹ ಓಡುತ್ತಿರುತ್ತದೆ, ಟಿವಿ ಡಿಶ್ಶಿನಂತೆ ಒಂದೇ ಕಡೆ ನೋಡಿಕೊಂಡು ಕೂತರೆ ಆಗದು. ನಮ್ಮ ಮನೆಗಳು ಇರುವುದು ಗುಡ್ಡದ ಬುಡದಲ್ಲಿ, ಒಂದು ಕಡೆ ತೋಟ, ಹಿಂದೆ ಹಲಸಿನ ಮರ. ಅಡಿಕೆ ಸೋಗೆ ಒಂದು ಕ್ಷಣ ಅಡ್ಡ ಬಂದರೂ ಗೇಮಿನಲ್ಲಿ ಎರಡು ಸೆಕೆಂಡ್ ತಡೆ. ವಿದ್ಯುತ್ತೂ ಸುಮ್ಮನೆ ಅಲ್ಲ: ಓಎನ್‌ಟಿ 10 ವ್ಯಾಟ್ ಒಳಗೆ ಮುಗಿಸಿದರೆ ಇದಕ್ಕೆ ಅದರ ಐದಾರು ಪಟ್ಟು ಬೇಕು, ಇನ್ವರ್ಟರ್ ಮೇಲೆ ಓಡಿಸುವವರು ಲೆಕ್ಕ ಹಾಕಿಕೊಳ್ಳಿ. ಫೈಬರ್ ಯಾವತ್ತೂ ಬಾರದ ಒಂಟಿ ಮನೆಗಳಿಗೆ ಇದು ವರ. ಉಳಿದವರಿಗೆ ದುಬಾರಿ ಷೋಕಿ.

ಗುಡುಗು ಬಂದಾಗ ಎಂಸಿಬಿ ಇಳಿಸಿದ್ರೆ ಸಾಕಾ? ಕಳೆದ ಸಲ ಇಳಿಸಿದ್ರೂ ಪಿಸಿ ಹೋಯ್ತು.

ಈ ಪುಟದಲ್ಲಿ ಒಂದನ್ನೇ ಓದುವುದಾದರೆ ಇದನ್ನು ಓದಿ.

ಎಂಸಿಬಿ ಇರುವುದು ಓವರ್‌ಲೋಡ್, ಶಾರ್ಟ್ ಆದಾಗ ಬೀಳಲಿಕ್ಕೆ. ಸಿಡಿಲಿನ ಸರ್ಜ್, ಅಂದರೆ ವೋಲ್ಟೇಜಿನ ದಿಢೀರ್ ಹೊಡೆತ, ಬಂದು ಹೋಗುವುದು ಅದು ಕಣ್ಣು ಬಿಡುವುದರೊಳಗೆ. ಇಳಿಸಿಟ್ಟರೂ ಒಳಗಿನ ಸಂದು ಕೆಲವೇ ಮಿಲಿಮೀಟರ್. ಆಕಾಶದಿಂದ ಕಿಲೋಮೀಟರ್‌ಗಟ್ಟಲೆ ಹಾರಿ ಬಂದದ್ದಕ್ಕೆ ಅದೊಂದು ತಡೆಯೇ? ಪ್ಲಗ್ಗನ್ನೇ ಕಿತ್ತಿಡಬೇಕು.

ಅದನ್ನೂ ಕಿತ್ತವರ ಪಿಸಿ ಹೋಗುವುದು ಲ್ಯಾನ್ ವೈರಿನಿಂದ. ಫೈಬರಿನ ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ, ನಿಜ. ಆದರೆ ಓಎನ್‌ಟಿಯ ಅಡಾಪ್ಟರ್ ಗೋಡೆಯಲ್ಲೇ ಉಳಿದಿರುತ್ತದೆ, ಅಲ್ಲಿಂದ ತಾಮ್ರದ ಲ್ಯಾನ್ ಕೇಬಲ್ ಸೀದಾ ಮದರ್‌ಬೋರ್ಡಿಗೆ. ಸಿಡಿಲು ಹೊಡೆದ ಪಿಸಿಗಳಲ್ಲಿ ಲ್ಯಾನ್ ಪೋರ್ಟ್ ಮಾತ್ರ ಸತ್ತು ಉಳಿದದ್ದೆಲ್ಲ ಬದುಕಿರುವುದು ಇದಕ್ಕೇ. ಇನ್ನೊಂದು: ಕಂಬದಿಂದ ಬರುವ ಚಪ್ಪಟೆ ಫೈಬರ್ ಕೇಬಲಿನ ಅಂಚಿನಲ್ಲಿ ಭಾರ ತಡೆಯಲು ಒಂದು ಸ್ಟೀಲ್ ತಂತಿ ಇರುತ್ತದೆ. ಅದನ್ನು ಹೊರಗೆ ಸೂರಿನ ಹತ್ತಿರವೇ ಸೀಳಿ ಕೊಂಡಿಗೆ ಕಟ್ಟಿ ನಿಲ್ಲಿಸಬೇಕು. ಅವಸರದವರು ತಂತಿ ಸಮೇತ ಒಳಗೆ ತಂದು ಡಬ್ಬಿಯ ಪಕ್ಕದಲ್ಲಿ ಸುರುಳಿ ಸುತ್ತಿಡುತ್ತಾರೆ. ಜಗುಲಿಗೆ ಹೋಗಿ ಒಮ್ಮೆ ನೋಡಿ ಬನ್ನಿ.

ಇನ್ನು ಸರ್ಜ್ ಪ್ರೊಟೆಕ್ಟರ್. 'ಸ್ಪೈಕ್' ಅಂತ ಬರೆದ ಅಗ್ಗದ ಬೋರ್ಡುಗಳಲ್ಲಿ ಎಷ್ಟೋ ಸಲ ಸ್ವಿಚ್ಚು, ಫ್ಯೂಸು ಬಿಟ್ಟರೆ ಏನೂ ಇರುವುದಿಲ್ಲ. ಎಷ್ಟು ಹೊಡೆತ ತಾಳುತ್ತದೆ ಅಂತ ಹೇಳುವ ಜೂಲ್ ಅಂಕಿ ಬರೆದಿರುವುದನ್ನು ಕೊಳ್ಳಿ. ಒಳಗಿನ ಎಂಒವಿ ಅನ್ನುವ ಬಿಲ್ಲೆ ಪ್ರತಿ ಹೊಡೆತಕ್ಕೂ ಸವೆಯುತ್ತದೆ, ರಕ್ಷಣೆಯ ದೀಪ ಆರಿದರೆ ಬೋರ್ಡ್ ಬದಲಿಸಬೇಕು. ಅದು ಹೆಚ್ಚಿನ ಹೊಡೆತವನ್ನು ಇಳಿಸುವುದು ಅರ್ಥಿಂಗ್‌ಗೆ. ಅರ್ಥಿಂಗ್ ಇಲ್ಲದಿದ್ದರೆ ಇಳಿಸುವುದೆಲ್ಲಿಗೆ? ನಮ್ಮ ಕಡೆಯ ಜಂಬಿಟ್ಟಿಗೆ ನೆಲ ಒಣಗಿದರೆ ಕರೆಂಟನ್ನು ಸಲೀಸಾಗಿ ಒಳಗೆ ಬಿಡುವುದಿಲ್ಲ. ಗುಡುಗು ಜೋರಿರುವುದು ಭರಣಿ, ಕೃತ್ತಿಕೆಯಲ್ಲಿ, ಏಪ್ರಿಲ್–ಮೇ ತಿಂಗಳ ಸಂಜೆಗಳಲ್ಲಿ. ನೆಲ ಕಾದು ಬಿರುಕು ಬಿಟ್ಟಿರುವುದೂ ಆಗಲೇ. ಯುಗಾದಿ ಕಳೆದ ಮೇಲೆ ಅರ್ಥಿಂಗ್ ಗುಂಡಿಗೆ ಆಗಾಗ ನಾಲ್ಕು ಕೊಡ ನೀರು ಹುಯ್ಯಿರಿ. ವೈರ್‌ಮ್ಯಾನ್ ಬಂದಾಗ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ವೋಲ್ಟೇಜ್ ನೋಡಿಸಿ. ಎರಡು ಮೂರು ವೋಲ್ಟ್ ಒಳಗಿದ್ದರೆ ನೆಮ್ಮದಿ, ಇಪ್ಪತ್ತು ಮೂವತ್ತು ಬಂದರೆ ಗ್ರಾಫಿಕ್ಸ್ ಕಾರ್ಡಿನ ದುಡ್ಡು ಮೊದಲು ಅಲ್ಲಿ ಹಾಕಿ.

ಮನೆಗೆ ಇನ್ವರ್ಟರ್ ಇದೆ. ಪಿಸಿಗೆ ಬೇರೆ ಯುಪಿಎಸ್ ಎಂತಕ್ಕೆ ಅಂತ ಅಪ್ಪ ಕೇಳ್ತಾರೆ.

ಅಪ್ಪನಿಗೆ ಹೀಗೆ ಹೇಳಿ: ಕರೆಂಟ್ ಹೋದ ಮೇಲೆ ಪಿಸಿಯೊಳಗೆ ವಿದ್ಯುತ್ ಹಂಚುವ ಡಬ್ಬಿ, ಎಸ್‌ಎಂಪಿಎಸ್, ತನ್ನ ಕೆಪಾಸಿಟರಿನ ಬಲದಲ್ಲಿ ಉಸಿರು ಹಿಡಿಯುವುದು ಸುಮಾರು 16 ಮಿಲಿಸೆಕೆಂಡ್. ಇನ್ವರ್ಟರ್ ಅದಕ್ಕಿಂತ ನಿಧಾನಕ್ಕೆ ಎದ್ದರೆ ಪಿಸಿ ರೀಸ್ಟಾರ್ಟ್. ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಹಾಕಿ ನೋಡಿ, ಖರ್ಚಿಲ್ಲದೆ ಆಗಿಹೋಗಬಹುದು. ಸ್ಕ್ವೇರ್ ವೇವ್ ಇನ್ವರ್ಟರಾದರೆ ಒಳ್ಳೆಯ ಎಸ್‌ಎಂಪಿಎಸ್‌ಗಳು ಅದನ್ನು ಒಪ್ಪುವುದಿಲ್ಲ, ಸೈನ್ ವೇವ್ ಬೇಕು. ಯುಪಿಎಸ್ ಕೊಳ್ಳುವಾಗ ವಿಎ ನೋಡಿ ಮರುಳಾಗಬೇಡಿ: 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ.

ಓಎನ್‌ಟಿಗೆ 12 ವೋಲ್ಟಿನ ಮಿನಿ ಯುಪಿಎಸ್ ಒಂದಿರಲಿ. ಕರೆಂಟ್ ಮಿಣುಕಿದಾಗಲೆಲ್ಲ ಡಬ್ಬಿ ಎರಡು ನಿಮಿಷ ಬೂಟ್ ಆಗುವುದು ತಪ್ಪುತ್ತದೆ.

ಸರಿ, ಗೇಮಿಂಗ್‌ಗೆ ಡೆಸ್ಕ್‌ಟಾಪಾ, ಲ್ಯಾಪ್‌ಟಾಪಾ, ಪಿಎಸ್5ಆ?

ದುಡ್ಡಿಗೆ ತಕ್ಕ ಶಕ್ತಿ ಅಂತ ನೋಡಿದರೆ ಡೆಸ್ಕ್‌ಟಾಪ್. ಬೆಂಗಳೂರಲ್ಲಿದ್ದರೆ ಅದನ್ನೇ ಹೇಳುತ್ತಿದ್ದೆ. ಇಲ್ಲಿ ಮಾತ್ರ ನಾನು ಲ್ಯಾಪ್‌ಟಾಪಿನ ಕಡೆ. ಯುಪಿಎಸ್ ಅದರ ಹೊಟ್ಟೆಯಲ್ಲೇ ಇದೆ. ಗುಡುಗು ಬಂದರೆ ಎರಡು ವೈರು ಕಿತ್ತರೆ ಮುಗೀತು. ಸೋಮವಾರ ಶಿವಮೊಗ್ಗದ ಹಾಸ್ಟೆಲ್ಲಿಗೂ ಜೊತೆಗೆ ಬರುತ್ತದೆ. ಬ್ಯಾಟರಿ ಮೇಲೆ ಗೇಮ್ ಆಡಿದರೆ ಅರ್ಧ ಶಕ್ತಿಯೂ ಬಾರದು ಅನ್ನುವುದು ನಿಜ, ಆದರೆ ಕರೆಂಟ್ ಹೋದಾಗ ಸೇವ್ ಮಾಡಿ ಏಳಲಿಕ್ಕಾದರೂ ಆಗುತ್ತದೆ.

ಡೆಸ್ಕ್‌ಟಾಪೇ ಬೇಕೆಂದರೆ ಕಡಿಮೆ ವಿದ್ಯುತ್ ತಿನ್ನುವ ಕಾರ್ಡು ನೋಡಿ. ಆರ್‌ಟಿಎಕ್ಸ್ 4060ಕ್ಕೆ 115 ವ್ಯಾಟ್, ಹಳೆಯ 3060ಕ್ಕೆ 170. ಕಾರ್ಡಿನ ಮೆಮೊರಿ '8 ಜಿಬಿ ಸಾಲದು, 12 ಬೇಕು' ಅನ್ನುವ ಜಗಳಕ್ಕೆ ಉತ್ತರ ನಿಮ್ಮ ಮಾನಿಟರಿನಲ್ಲಿದೆ; 1080ಪಿಯಲ್ಲಿ ವ್ಯಾಲೊರಂಟ್, ಸಿಎಸ್2 ಆಡುವವರಿಗೆ ಎರಡೂ ಹೆಚ್ಚೇ.

ಪಿಎಸ್5 ಆಟದ ಮಟ್ಟಿಗೆ ಬಹಳ ಒಳ್ಳೇದು. ಆದರೆ 'ಡಿಸ್ಕ್ ಹಾಕಿದರೆ ನೆಟ್ ಬೇಡ' ಅಂತ ನಂಬಿ ತರಬೇಡಿ. ಡಿಸ್ಕಿನ ಮೇಲೂ ದೊಡ್ಡ ಪ್ಯಾಚುಗಳು ಬರುತ್ತವೆ. ಸ್ಲಿಮ್ ಮಾಡೆಲಿಗೆ ಆಮೇಲೆ ಡಿಸ್ಕ್ ಡ್ರೈವ್ ಜೋಡಿಸಿದರೆ ಅದನ್ನು ಒಪ್ಪಿಸಲಿಕ್ಕೂ ಒಮ್ಮೆ ನೆಟ್ ಬೇಕು. ಪಿಸಿಯವರಿಗೆ ಇಲ್ಲೊಂದು ಅನುಕೂಲ: ನೆಟ್ ಚೆನ್ನಾಗಿರುವ ನೆಂಟರ ಮನೆಯಲ್ಲಿ ಸ್ಟೀಮ್ ಗೇಮನ್ನು ಎಕ್ಸ್‌ಟರ್ನಲ್ ಎಸ್‌ಎಸ್‌ಡಿಗೆ ಇಳಿಸಿ, ಬಸ್ಸಲ್ಲಿ ಮನೆಗೆ ತರಬಹುದು.

ಓಎನ್‌ಟಿ ಜಗುಲೀಲಿದೆ, ನನ್ನ ರೂಮ್ ಉಪ್ಪರಿಗೇಲಿ. ರಿಪೀಟರ್ ತರಲಾ?

ಬೇಡ. ನಮ್ಮ ಹಳೆ ಮನೆಗಳ ಗೋಡೆ ಒಂದೂವರೆ ಅಡಿ ದಪ್ಪದ ಮಣ್ಣು ಇಲ್ಲವೇ ಜಂಬಿಟ್ಟಿಗೆ, ಮಳೆಗಾಲದಲ್ಲಿ ನೀರು ಹೀರಿ ನಿಂತಿರುತ್ತದೆ. 5 ಗಿಗಾಹರ್ಟ್ಸ್ ವೈಫೈ ಒಂದು ಗೋಡೆಗೇ ಸೋಲುತ್ತದೆ. ರಿಪೀಟರ್ ಆ ಸೋತ ಸಿಗ್ನಲನ್ನೇ ಹಿಡಿದು ಮತ್ತೆ ಅರ್ಧ ಮಾಡಿ ಕೊಡುತ್ತದೆ. ಅಟ್ಟದ ಮೇಲಿಂದ ಒಂದು ಕ್ಯಾಟ್6 ಕೇಬಲ್ ಎಳೆಯಿರಿ, 100 ಮೀಟರ್ ತನಕ ತೊಂದರೆಯಿಲ್ಲ. ಮೇಲಿನ ತುದಿಗೆ ಹಳೆ ರೌಟರ್ ಹಾಕಿ ವೈಫೈ ಹಂಚುವುದಷ್ಟೇ ಮಾಡುವ ಆಕ್ಸೆಸ್ ಪಾಯಿಂಟ್ ಮೋಡಿಗೆ ತಿರುಗಿಸಿ. ಕೇಬಲನ್ನು ಪಿವಿಸಿ ಪೈಪಿನೊಳಗೆ ಬಿಡಿ, ಅಟ್ಟದ ಇಲಿಗಳಿಗೆ ಅದರ ರುಚಿ ಗೊತ್ತು.

ಅಡಿಕೆ ಮನೆಗೋ ಕೊಟ್ಟಿಗೆಗೋ ಅಂಗಳ ದಾಟಿಸುವುದಾದರೆ ತಾಮ್ರ ಬೇಡವೇ ಬೇಡ. ಎರಡು ಮೀಡಿಯಾ ಕನ್ವರ್ಟರ್ (ಲ್ಯಾನ್ ಸಿಗ್ನಲನ್ನು ಬೆಳಕಾಗಿ, ಬೆಳಕನ್ನು ಮತ್ತೆ ಲ್ಯಾನಿಗೆ ಬದಲಿಸುವ ಡಬ್ಬಿ), ನಡುವೆ ಫೈಬರ್. ಸಿಡಿಲಿಗೆ ಒಂದು ದಾರಿ ಕಮ್ಮಿ.

ಬಿಜಿಎಂಐ ಮತ್ತೆ ಬ್ಯಾನ್ ಆಗ್ತದಾ? ಮನೇಲಿ 'ಆನ್‌ಲೈನ್ ಗೇಮ್ ಕಾನೂನು ಬಂದಿದೆ' ಅಂತಾರೆ.

ಪಬ್‌ಜಿ ಮೊಬೈಲ್ ಬ್ಯಾನ್ ಆದದ್ದು 2020ರ ಸೆಪ್ಟೆಂಬರ್‌ನಲ್ಲಿ. ಅದರ ಭಾರತದ ರೂಪವಾದ ಬಿಜಿಎಂಐ 2021ರ ಜುಲೈಯಲ್ಲಿ ಬಂತು, 2022ರ ಜುಲೈಯಲ್ಲಿ ಸ್ಟೋರಿನಿಂದ ಹೋಯಿತು, 2023ರ ಮೇಯಲ್ಲಿ ಮರಳಿತು. ಮನೆಯವರು ಹೇಳುವ ಕಾನೂನು 2025ರ ಆಗಸ್ಟ್‌ನದ್ದು. ಅದು ಹಿಡಿದಿರುವುದು ದುಡ್ಡು ಕಟ್ಟಿ ಆಡುವ ಆಟಗಳನ್ನು, ರಮ್ಮಿಯಂಥವನ್ನು. ಅಪ್ಪನಿಗೆ ಆ ವ್ಯತ್ಯಾಸ ಹೇಳಿ, ಪರೀಕ್ಷೆ ಮುಗಿದ ಮೇಲೆ.

ಮಳೆಗಾಲದಲ್ಲಿ ಪಿಸಿ ಸುಮ್ಮನೆ ಮುಚ್ಚಿಡೋದಾ?

ಮುಚ್ಚಿಟ್ಟರೇ ಕೆಡುವುದು. ಆಗುಂಬೆ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ; ಚಪ್ಪಲಿಗೆ, ಬೆಲ್ಟಿಗೆ ಬೂಷ್ಟು ಹಿಡಿಯುವ ಗಾಳಿ ರ‍್ಯಾಮಿನ ಚಿನ್ನದ ಲೇಪವನ್ನೂ ಬಿಡುವುದಿಲ್ಲ. ಗುಡುಗಿಲ್ಲದ ದಿನ ಅರ್ಧ ಗಂಟೆ ಚೆನ್ನಾಗಿ ಬಿಸಿಯಾಗುವಂತೆ ಓಡಿಸಿ. ಬಚ್ಚಲೊಲೆಯ ಹೊಗೆ ಬರುವ ಗೋಡೆಯಿಂದ ದೂರ ಇಡಿ, ಜಿಡ್ಡು ಮಸಿ ಫ್ಯಾನಿಗೆ ಕೂತರೆ ಬ್ರಶ್ಶಿಗೂ ಬಾರದು. ಎಸ್‌ಎಂಪಿಎಸ್ಸಿನ ಗಾಳಿ ಕಿಂಡಿಗೆ ಸೊಳ್ಳೆ ಬಲೆ ಹಚ್ಚಿ, ಬೆಚ್ಚಗಿರುವ ಜಾಗ ಹುಡುಕುವ ಹಲ್ಲಿ ಒಳಗೆ ಹೋಗಿ ಎರಡು ಕಾಲನ್ನು ಎರಡು ಕಡೆ ಇಟ್ಟರೆ ಅದೂ ಹೋಗುತ್ತದೆ, ಎಸ್‌ಎಂಪಿಎಸ್ಸೂ ಹೋಗುತ್ತದೆ. ವಾರಂಟಿಯಲ್ಲಿ ಹಲ್ಲಿ ಬರುವುದಿಲ್ಲ.